ಅನ್ನದ ಅಗುಳಿನ ಅಂಟು

ಉಡುಗೊರೆಯನ್ನು ಕೊಳ್ಳುವುದು ಸುಲಭ. ಅದನ್ನು ಸುತ್ತುವುದು ಕಷ್ಟ. ಕೊಳ್ಳುವುದಕ್ಕೆ ಹಣವಿದ್ದರೆ ಸಾಕು. ಸುತ್ತುವುದಕ್ಕೆ ಕೈ ಬೇಕು, ಹೊತ್ತು ಬೇಕು, ಮೇಲಾಗಿ ಅದನ್ನು ಪಡೆಯುವವರ ಮುಖ ಕಣ್ಣೆದುರಿಗೆ ಇರಬೇಕು. ಈ ಮೂರು ತೊಂದರೆಗಳಿಂದಲೂ ನಮ್ಮನ್ನು ಪಾರುಮಾಡಿರುವ ಪುಣ್ಯಾತ್ಮರು ಪೇಟೆಯ ಅಂಗಡಿಯವರು. ನಾವು ಸಾಮಾನನ್ನು ಆರಿಸಿ ಮುಗಿಸುವಷ್ಟರಲ್ಲಿ ಅಂಗಡಿಯ ಹುಡುಗ ಮಿರಮಿರನೆ ಹೊಳೆಯುವ ಹಾಳೆಯೊಂದನ್ನು ಎಳೆದು, ನಾಲ್ಕು ಕಡೆ ಮಡಿಚಿ, ಅಂಟುಪಟ್ಟಿ ಒತ್ತಿ, ನೆತ್ತಿಯ ಮೇಲೊಂದು ಪ್ಲಾಸ್ಟಿಕ್ ಹೂವನ್ನು ಕೂರಿಸಿ ಕೈಗೆ ಕೊಟ್ಟುಬಿಡುತ್ತಾನೆ. ಪಕ್ಕದಲ್ಲಿಯೇ ಶುಭಾಶಯ ಪತ್ರಗಳ ಸಾಲು. ಅವುಗಳೊಳಗೆ ಯಾರೋ ಬರೆದ, ಯಾರಿಗೆ ಬೇಕಾದರೂ ಸಲ್ಲುವ ನಾಲ್ಕು ಸಾಲು ಇಂಗ್ಲಿಷು. ನಮ್ಮ ಪಾಲಿಗೆ ಉಳಿಯುವ ಕೆಲಸ ಕೆಳಗೆ ರುಜು ಹಾಕುವುದು. ಬ್ಯಾಂಕಿನ ಚೆಕ್ಕಿಗೂ ನಾವು ಮಾಡುವುದು ಅಷ್ಟೇ ತಾನೆ?

ಅಚ್ಚಾದ ಶುಭಾಶಯ ಪತ್ರದ ಜಾತಕವನ್ನು ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ೧೮೪೩ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಮಹನೀಯರಿಗೆ ಕ್ರಿಸ್ಮಸ್ ಹಬ್ಬಕ್ಕೆ ಸ್ನೇಹಿತರಿಗೆಲ್ಲ ಕಾಗದ ಬರೆಯಲು ಪುರಸೊತ್ತಾಗಲಿಲ್ಲ. ಅವರು ಜಾನ್ ಹಾರ್ಸ್ಲಿ ಎಂಬ ಚಿತ್ರಗಾರನಿಂದ ಒಂದು ಚಿತ್ರ ಬರೆಸಿ ಅಚ್ಚು ಹಾಕಿಸಿದರು; ಪ್ರತಿಯೊಂದಕ್ಕೆ ಒಂದು ಷಿಲ್ಲಿಂಗಿನಂತೆ ಅವು ಮಾರಾಟಕ್ಕೂ ಬಂದವು. ಎಂದರೆ, ಈ ಕಾರ್ಡು ಹುಟ್ಟಿದ್ದೇ ಪುರಸೊತ್ತಿಲ್ಲದವರ ಮನೆಯಲ್ಲಿ! ಪುರಸೊತ್ತು ಮಾತ್ರ ಧಾರಾಳವಾಗಿದ್ದು ಷಿಲ್ಲಿಂಗಿಗೆ ಗತಿಯಿಲ್ಲದವರು ಏನು ಮಾಡಬೇಕೆಂಬುದನ್ನು ಅವರು ಹೇಳಿಹೋಗಲಿಲ್ಲ. ಅದು ಅವರಿಗೆ ಬಂದ ಕಷ್ಟವಾಗಿರಲಿಲ್ಲ. ನನಗೆ ಬಂದಿತ್ತು.

ನಮ್ಮ ತರಗತಿಯಲ್ಲಿ ನಾವು ೪೨ ಮಂದಿ. ಯಾರ ಹುಟ್ಟುಹಬ್ಬ ಬಂದರೂ ತಲೆಗೆ ೫೦ ರೂಪಾಯಿ ಚಂದಾ ಎತ್ತುವುದು. ಕೇಕು, ಕಾರ್ಡು, ಹೊಳೆಯುವ ಹಾಳೆಯಲ್ಲಿ ಸುತ್ತಿದ ಒಂದು ಉಡುಗೊರೆ ತರುವುದು. ಹೀಗೊಂದು ಪದ್ಧತಿ ಮೊದಲನೆಯ ವರ್ಷವೇ ಬೇರೂರಿತ್ತು. ವರ್ಷಕ್ಕೆ ತಿಂಗಳು ಹನ್ನೆರಡೇ, ಹುಟ್ಟುಹಬ್ಬಗಳು ೪೨. ತಿಂಗಳಿಗೆ ಮೂರೋ ನಾಲ್ಕೋ ಬೀಳುತ್ತವೆ. ಹಣದ ಲೆಕ್ಕದಲ್ಲಿ ೧೫೦ರಿಂದ ೨೦೦ ರೂಪಾಯಿ. ಕೆಲವರಿಗೆ ಇದು ಲೆಕ್ಕಕ್ಕೇ ಬಾರದ ಹಣ. ನನ್ನ ಅವ್ವ ಅಡಿಕೆ ಸುಲಿಯುವವಳು. ಸುಗ್ಗಿಯ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೂ ಕೂರುತ್ತಾಳೆ. ಆ ೨೦೦ ರೂಪಾಯಿ ಅವಳ ಬೆರಳುಗಳ ನಡುವೆ ಎಷ್ಟು ಅಡಿಕೆಯಾಗಿ ಹಾದುಬರಬೇಕೆಂಬುದನ್ನು ಪಕ್ಕದಲ್ಲಿ ಕುಳಿತು ಸುಲಿದ ನಾನು ಬಲ್ಲೆ. ಹೀಗಾಗಿ ಹುಟ್ಟುಹಬ್ಬದ ದಿನ ನನಗೆ ತಪ್ಪದೆ ತಲೆನೋವು ಬರುತ್ತಿತ್ತು, ಕಾಲೇಜಿಗೆ ರಜೆ.

ವಿಚಿತ್ರವೆಂದರೆ, ಅದೇ ದಿನಗಳಲ್ಲಿ ತಲೆನೋವು ಬರುವವರು ನಮ್ಮ ತರಗತಿಯಲ್ಲಿ ಇನ್ನೂ ಐದಾರು ಮಂದಿ ಇದ್ದರು. ಒಬ್ಬರ ತಲೆನೋವಿನ ಕಾರಣ ಇನ್ನೊಬ್ಬರಿಗೆ ಗೊತ್ತಿತ್ತು. ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ವಿಶ್ವವಿದ್ಯಾನಿಲಯವು ನೂರಕ್ಕೆ ೭೫ ಹಾಜರಾತಿ ಕೇಳುತ್ತದೆ. ತಲೆನೋವಿಗೆ ಆ ನಿಯಮ ತಿಳಿಯದು. ಎರಡನೆಯ ವರ್ಷದ ನಡುವೆ ನಮ್ಮಲ್ಲಿ ಒಬ್ಬಳು ಓದನ್ನೇ ಬಿಟ್ಟಳು. ಕಾರಣಗಳು ಬೇರೆಯೂ ಇದ್ದವು. ಮನೆಯಲ್ಲಿ ಕಾಯಿಲೆ, ಸಾಲ. ಆದರೆ ಹೊರಡುವಾಗ ಅವಳು ನನ್ನೊಡನೆ ಆಡಿದ ಮಾತು ಕಾಯಿಲೆಯದಲ್ಲ, ಸಾಲದ್ದೂ ಅಲ್ಲ. “ಬರಿಗೈಯಲ್ಲಿ ನಿಂತು ಚಪ್ಪಾಳೆ ತಟ್ಟೋದು ಕಷ್ಟ ಕಣೆ” ಎಂದಳು. ಬಡತನವನ್ನು ಕುರಿತು ನಾನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದ್ದೆಲ್ಲ ಆ ಒಂದು ಮಾತಿನಷ್ಟು ನನಗೆ ನಾಟಿಲ್ಲ. ಇಲ್ಲದವರಿಗೆ ಪಡೆಯಲು ಏನೂ ಸಿಗದಿರುವುದು ಒಂದು ದುಃಖ. ಕೊಡುವವರ ಸಾಲಿನಲ್ಲಿ ನಿಲ್ಲಲಾಗದಿರುವುದು ಅದಕ್ಕಿಂತ ದೊಡ್ಡ ದುಃಖ.

ಮುಂದಿನ ತಿಂಗಳು ನನ್ನ ಬೆಂಚಿನ ಜೊತೆಗಾತಿಯ ಹುಟ್ಟುಹಬ್ಬ. ಆ ದಿನ ತಲೆನೋವು ತಂದುಕೊಳ್ಳುವಂತಿರಲಿಲ್ಲ. ಅವಳ ಬುತ್ತಿಯ ಡಬ್ಬಿಯಲ್ಲಿ ಎರಡು ವರ್ಷಗಳಿಂದ ನನಗೂ ಪಾಲಿತ್ತು. ಮನೆಗೆ ಬಂದು ಅಜ್ಜಿಯ ಮುಂದೆ ಕುಳಿತು, “ಕೊಡೋಕೆ ನಮ್ಮನೇಲಿ ಏನಿದೆ ಹೇಳು” ಎಂದೆ. ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರದಿಂದ ತಲೆಯೆತ್ತದೆ, “ಯಾಕೆ, ಹಿತ್ತಲಿಗೇನು ಬೆಂಕಿ ಬಿತ್ತಾ?” ಎಂದಳು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹಿತ್ತಲ ಗಿಡ ಉಡುಗೊರೆಯೂ ಅಲ್ಲ ಎಂದು ಈಚಿನವರು ಸೇರಿಸಿಕೊಂಡಿದ್ದೇವೆ. ಆದರೆ ನಮ್ಮ ಭಾಷೆ ನಮ್ಮಷ್ಟು ಮರೆಗುಳಿಯಲ್ಲ. ನಾವು ಬರೆಯುವ ಕಾಗದ ಹಾಳೆ. ಅಡಿಕೆಯ ಮರದಿಂದ ಕಳಚಿ ಬೀಳುವುದೂ ಹಾಳೆಯೇ. ಮದುವೆಗೆ ಕರೆಯುವುದು ಕರೆಯೋಲೆ. ಓಲೆಯೆಂದರೆ ತಾಳೆಯ ಗರಿ. ಗಣಪತಿಗೆ ಏರಿಸುವ ಪತ್ರೆ, ಅಂಚೆಯವನು ತರುವ ಪತ್ರ, ಎರಡೂ ಎಲೆಯೆಂಬ ಒಂದೇ ಮಾತಿನ ಮಕ್ಕಳು. ಸುತ್ತುವ ವಿದ್ಯೆಯೂ ನಮಗೆ ಹೊಸದಲ್ಲ. ಹಲಸಿನ ಎಲೆ ನಾಲ್ಕನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ ಕಡುಬು ಬೇಯಿಸುವ ಹೆಂಗಸರಿಗೆ ಡಬ್ಬಿ ಮಾಡುವುದನ್ನು ಯಾರು ಕಲಿಸಬೇಕು? ಅರಿಶಿನದ ಎಲೆಯ ಕಡುಬಿನಲ್ಲಂತೂ ಹೊದಿಕೆಯೇ ಒಳಗಿನ ತಿನಿಸಿಗೆ ಪರಿಮಳವನ್ನು ಕೊಡುತ್ತದೆ. ಅಂಗಡಿಯ ಮಿರುಗುವ ಹಾಳೆ ಇದುವರೆಗೆ ಯಾವ ತಿನಿಸಿಗೆ ಪರಿಮಳ ಕೊಟ್ಟಿದೆ?

ಅಜ್ಜಿ ಮೊದಲು ತೋರಿಸಿದ್ದು ಹಾಳೆಯನ್ನೇ. ತೋಟದಲ್ಲಿ ಬಿದ್ದ ಹಾಳೆಯನ್ನು ತೊಳೆದು ನೀರಿನಲ್ಲಿ ನೆನೆಹಾಕಿದರೆ ಅದು ತೊಗಲಿನಂತೆ ಬಗ್ಗುತ್ತದೆ. ಬೇಕಾದ ಹಾಗೆ ಮಡಿಚಿ, ಮೇಲೆ ಕಲ್ಲು ಹೇರಿ ನೆರಳಿನಲ್ಲಿ ಒಣಗಿಸಿದರೆ ಆ ಆಕಾರವನ್ನು ಮತ್ತೆ ಬಿಡುವುದಿಲ್ಲ. ತೋಟದ ಆಳುಗಳ ಹಾಳೆಟೊಪ್ಪಿ ಹುಟ್ಟುವುದು ಹೀಗೆಯೇ. ಈಗ ಮದುವೆ ಮನೆಗಳಲ್ಲಿ ಕಾಣುವ ಹಾಳೆತಟ್ಟೆಯನ್ನು ಯಂತ್ರದ ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ನಮ್ಮ ಮನೆಯ ಯಂತ್ರ ಒಳಕಲ್ಲಿನ ಗುಂಡು. ಮೂಲೆಗಳನ್ನು ಬಾಳೆಪಟ್ಟೆಯ ನಾರಿನಿಂದ ಹೊಲಿದೆವು. ನಾರು ಒಣಗಿದ್ದರೆ ಸೀಳುತ್ತದೆ. ನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಕಟ್ಟಿದರೆ, ಒಣಗುತ್ತ ಒಣಗುತ್ತ ಗಂಟು ತಾನೇ ಬಿಗಿಯುತ್ತದೆ. ಡಬ್ಬಿಯಾಯಿತು. ಒಳಗೆ ಒಲೆಯ ಉರಿಯ ಮೇಲೆ ಬಾಡಿಸಿದ ಬಾಳೆಲೆಯಲ್ಲಿ ಎಂಟು ಎಳ್ಳುಂಡೆ. ಡಬ್ಬಿಗೆ ಹೊದಿಕೆ ಹಳೆಯ ವೃತ್ತಪತ್ರಿಕೆ. ಅಚ್ಚಿನ ಮಸಿ ತಿನ್ನುವ ವಸ್ತುವಿಗೆ ತಾಗಬಾರದು, ಆದ್ದರಿಂದ ಅದಕ್ಕೆ ಹೊರಗಿನ ಕೆಲಸ ಮಾತ್ರ.

ಕಾರ್ಡಿಗೆ ದಪ್ಪ ಕಾಗದ ಬೇಕಲ್ಲ? ಕಳೆದ ವರ್ಷದ ನೋಟುಪುಸ್ತಕದಲ್ಲಿ ಉಳಿದ ಬಿಳಿಯ ಹಾಳೆ ಮೂರನ್ನು ಒಂದರ ಮೇಲೊಂದು ಅಂಟಿಸಿದರೆ ದಪ್ಪ ಕಾಗದ ಸಿದ್ಧ. ಅಂಟು? ಇಲ್ಲಿ ನಮ್ಮ ನಾಡು ಅಷ್ಟೈಶ್ವರ್ಯವುಳ್ಳದ್ದು. ಅವಸರಕ್ಕೆ ಬಿಸಿ ಅನ್ನದ ಎರಡು ಅಗುಳು. ಲಕೋಟೆಯ ಬಾಯಿ ಮುಚ್ಚಲು ನನ್ನ ಅಜ್ಜನ ಕಾಲದಿಂದಲೂ ಇದೇ. ಹೆಚ್ಚಿಗೆ ಬೇಕಾದರೆ ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಗಂಟಾಗದಂತೆ ಕೈಯಾಡಿಸುತ್ತ ಕಾಯಿಸಿದ ಸರಿ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳು ಹತ್ತದಂತೆ ಇದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷವಾದ್ದರಿಂದ ಅಡಿಗೆಮನೆಯಲ್ಲಿ ಅದರ ಸಹವಾಸ ಬೇಡ, ಆ ದಿನಕ್ಕೆ ಬೇಕಾದಷ್ಟನ್ನೇ ಕಾಯಿಸಿಕೊಳ್ಳುವುದು ಮೇಲು. ಇನ್ನು ಚಳ್ಳೆಹಣ್ಣು. ಅದನ್ನು ಹಿಸುಕಿದರೆ ಬರುವ ಲೋಳೆ ಕಾಗದವನ್ನು ಹಿಡಿದರೆ ಬಿಡದು. ಮೋಸಮಾಡುವುದಕ್ಕೆ ಚಳ್ಳೆಹಣ್ಣು ತಿನ್ನಿಸುವುದು ಎಂದು ಏಕೆ ಹೇಳುತ್ತಾರೋ, ಪಾಪ! ಅಂಟಿನ ವಿಷಯದಲ್ಲಿ ಅದರಷ್ಟು ನಂಬಿಕಸ್ಥ ಹಣ್ಣು ಬೇರೊಂದಿಲ್ಲ.

ಬಣ್ಣದ ಮಾತು ಇನ್ನೂ ಸೊಗಸು. ಅರಿಶಿನವನ್ನು ನೀರಿನಲ್ಲಿ ಕದಡಿ ಕಾಗದಕ್ಕೆ ಬಳಿದು ಒಣಗಿಸಿ. ಸುಣ್ಣದ ತಿಳಿಯಲ್ಲಿ ಕಡ್ಡಿಯನ್ನು ಅದ್ದಿ ಅದರ ಮೇಲೆ ಬರೆಯಿರಿ. ಬಣ್ಣವಿಲ್ಲದ ನೀರು ಹಳದಿಯ ಮೇಲೆ ಕೆಂಪಗೆ ಮೂಡುತ್ತದೆ! ಇದರಲ್ಲಿ ಮಾಟವೇನೂ ಇಲ್ಲ. ಅರಿಶಿನ ಸುಣ್ಣದಂಥ ಕ್ಷಾರಕ್ಕೆ ತಾಗಿದರೆ ಕೆಂಪಾಗುತ್ತದೆ, ನಿಂಬೆಯ ಹುಳಿ ಬಿದ್ದರೆ ಮತ್ತೆ ಹಳದಿಗೆ ತಿರುಗುತ್ತದೆ. ಶುಭಕಾರ್ಯಗಳಲ್ಲಿ ಎತ್ತುವ ಆರತಿಯ ಕೆಂಪು ನೀರು ಇದೇ ರಸಾಯನ. ಆದರೆ ಅರಿಶಿನದ ಬಣ್ಣ ಬಿಸಿಲಿಗೆ ಹೆದರುವಂಥದು. ಕಿಟಕಿಯ ಬಳಿ ಇಟ್ಟರೆ ಕೆಲವು ದಿನಗಳಲ್ಲಿ ಮಾಸುತ್ತದೆ. ಬಸಳೆಯ ಹಣ್ಣಿನ ನೇರಳೆ ಶಾಯಿಯದೂ ಅದೇ ಸ್ವಭಾವ. ನಿಲ್ಲುವ ಬಣ್ಣ ಬೇಕಾದವರು ಮಣ್ಣಿಗೆ ಮೊರೆಹೋಗಬೇಕು. ನಮ್ಮ ಸಾಗರದ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಂಪಿಗೆ ಕೆಮ್ಮಣ್ಣು, ಬಿಳುಪಿಗೆ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆಕಾಯಿ, ಕುಂಚಕ್ಕೆ ಪುಂಡಿಯ ನಾರು. ಗೋಡೆಯಗಲದ ಚಿತ್ತಾರ ಅಂಗೈಯಗಲದ ಕಾಗದದ ಮೇಲೂ ಕೂರುತ್ತದೆ. ಬಣ್ಣ ಉದುರದಂತೆ ಒಂದಿಷ್ಟು ಗಂಜಿ ಬೆರೆಸಬೇಕು, ಅಷ್ಟೆ.

ಚಿತ್ರ ಬರೆಯಲು ಬಾರದವರು ಎದೆಗುಂದಬೇಕಾಗಿಲ್ಲ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದೆಸಳಿನ ಹೂ. ಬಾಳೆಲೆಯ ದಂಟನ್ನು ಕೊಯ್ದು ಒತ್ತಿದರೆ ಅರ್ಧಚಂದ್ರಾಕಾರದ ಜಾಲಂದ್ರ. ಎಲೆಯ ಬೆನ್ನಿಗೆ ಬಣ್ಣ ಹಚ್ಚಿ ಕಾಗದದ ಮೇಲೆ ಮಲಗಿಸಿದರೆ ನರನರವೂ ಮೂಡುತ್ತದೆ. ಅದೇ ವೃತ್ತಪತ್ರಿಕೆಯ ಮೇಲೆ ಕೆಮ್ಮಣ್ಣಿನ ಬೆಂಡೆಯ ಹೂಗಳನ್ನು ಒತ್ತಿದೆವು. ತುಂಬಿದ ಮಾರುಕಟ್ಟೆ ಧಾರಣೆಯ ಪುಟದ ಮೇಲೆ ಹೂದೋಟ ಎದ್ದಿತು.

ಜೊತೆಗಾತಿ ಅದನ್ನು ತೆರೆದ ರೀತಿಯನ್ನು ಹೇಳಬೇಕು. ಅಂಗಡಿಯ ಪೊಟ್ಟಣವನ್ನು ನಾವೆಲ್ಲ ಪರಪರನೆ ಹರಿಯುತ್ತೇವೆ. ಹರಿಯುವುದಕ್ಕೆಂದೇ ಅದನ್ನು ಮಾಡಿದೆಯಲ್ಲ. ಇದನ್ನು ಅವಳು ಹರಿಯಲಿಲ್ಲ. ನಾರಿನ ಗಂಟನ್ನು ಉಗುರಿನಿಂದ ಬಿಚ್ಚಿ, ನಾರನ್ನು ಬೆರಳಿಗೆ ಸುತ್ತಿ, ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಹಾಳೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಎಳ್ಳುಂಡೆಗಳು ಎರಡು ನಿಮಿಷದಲ್ಲಿ ಮುಗಿದವು. ಡಬ್ಬಿಯಲ್ಲಿ ಈಗಲೂ ಅವಳ ಪೆನ್ನುಗಳಿವೆ. “ಯಾವ ಅಂಗಡೀಲಿ ಸಿಕ್ಕಿತೇ?” ಎಂದು ಹಿಂದಿನ ಬೆಂಚಿನವಳು ಕೇಳಿದಾಗ, ನಮ್ಮ ಹಿತ್ತಲಿಗೆ ನಾಮಫಲಕ ಇಲ್ಲದ್ದಕ್ಕೆ ನನಗೆ ಮೊದಲ ಬಾರಿ ವ್ಯಸನವಾಯಿತು.

ಇದು ಜಿಪುಣತನಕ್ಕೆ ತೊಡಿಸಿದ ಜರತಾರಿ ಎಂದು ಮೂದಲಿಸಿದವರೂ ಉಂಟು. ಅವರಿಗೆ ನನ್ನ ಉತ್ತರ ಇಷ್ಟು. ಬಂದ ಲಕೋಟೆಗಳನ್ನು ಬಿಚ್ಚಿ, ಒಳಮೈಯ ಮೇಲೆ ಉತ್ತರ ಬರೆಯುತ್ತಿದ್ದ ಗಾಂಧೀಜಿಯವರನ್ನು ಯಾರೂ ಜಿಪುಣರೆನ್ನಲಿಲ್ಲ. ಅಲ್ಲದೆ ಅಂಗಡಿಯ ಮಿರುಗುಹಾಳೆಯನ್ನು ಒಮ್ಮೆ ಮುಷ್ಟಿಯಲ್ಲಿ ಹಿಡಿದು ಮುದುರಿ ನೋಡಿ. ಮುದುರಿದಂತೆಯೇ ಉಳಿದರೆ ಕಾಗದ. ಮತ್ತೆ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ, ಮಣ್ಣಿನಲ್ಲಿ ಕರಗುವಂಥದಲ್ಲ. ೨೦೨೨ರ ಜುಲೈ ೧ರಿಂದ ನಮ್ಮ ದೇಶದಲ್ಲಿ ನಿಷೇಧಕ್ಕೆ ಒಳಗಾದ ವಸ್ತುಗಳ ಪಟ್ಟಿಯಲ್ಲಿ ಮಿಠಾಯಿ ಪೆಟ್ಟಿಗೆಗೂ ಆಮಂತ್ರಣ ಪತ್ರಕ್ಕೂ ಸುತ್ತುವ ಪ್ಲಾಸ್ಟಿಕ್ ಪೊರೆ ಸೇರಿದೆ. ನಮ್ಮ ಹಾಳೆಯ ಡಬ್ಬಿ ಹಳತಾದರೆ ಗೊಬ್ಬರದ ಗುಂಡಿಗೆ, ಅಲ್ಲಿಂದ ಮತ್ತೆ ಅಡಿಕೆಯ ಬುಡಕ್ಕೆ.

ಚಂದಾ ಪದ್ಧತಿ ಒಂದೇ ದಿನದಲ್ಲಿ ಬಿದ್ದುಹೋಗಲಿಲ್ಲ. ಚಂದಾ ಕೊಡದವರು ಹಿತ್ತಲಿನಿಂದ ಏನಾದರೂ ಮಾಡಿ ತರಬಹುದೆಂದು ಮೊದಲು ಒಂದು ಕಿಟಕಿ ತೆರೆಯಿತು. ತಲೆನೋವಿನವರು ಒಬ್ಬೊಬ್ಬರಾಗಿ ಆ ಕಿಟಕಿಯಿಂದ ಒಳಗೆ ಬಂದರು. ಮೂರನೆಯ ವರ್ಷ ಕಳೆಯುವುದರೊಳಗೆ ಚಂದಾ ಎತ್ತುವವರಿಗೇ ಬೇಸರವಾಗಿ ಅವರೂ ಬೆಂಡೆಕಾಯಿ ಕೊಯ್ಯತೊಡಗಿದ್ದರು. ಅಷ್ಟರಲ್ಲಿ ನಮ್ಮ ಇತಿಹಾಸದ ಅಧ್ಯಾಪಕರಿಗೆ ವರ್ಗಾವಣೆಯ ಆಜ್ಞೆ ಬಂದಿತು.

ಸರ್ಕಾರಿ ಕಚೇರಿಯಲ್ಲಿ ಕಡತವೆಂದರೆ ಮೇಜಿನಿಂದ ಮೇಜಿಗೆ ನಿಧಾನವಾಗಿ ಯಾತ್ರೆ ಮಾಡುವ ಕಾಗದದ ಕಟ್ಟು. ಆದರೆ ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಳಿದು ಗಡುಸಾಗಿಸಿದ ಬಟ್ಟೆ. ಬೀಸಣಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠಗಳ ದಾಖಲೆ ಎಲ್ಲವೂ ಅದರಲ್ಲಿಯೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರ. ಇದನ್ನು ನಮಗೆ ಪಾಠದಲ್ಲಿ ಹೇಳಿದವರು ಅವರೇ. ಹಾಗಾದರೆ ಅವರಿಗೆ ಕೊಡುವ ಕಾರ್ಡು ಕಡತವೇ ಏಕಾಗಬಾರದು?

ನಮ್ಮ ಮನೆಯ ಜಗಲಿ ಕಾರ್ಖಾನೆಯಾಯಿತು. ಹುಣಿಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ಅರೆದು ಕಾಯಿಸಿದೆವು. ಬಚ್ಚಲೊಲೆಯ ಇದ್ದಿಲನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿ ಬೆರೆಸಿದೆವು. ಹಳೆಯ ಪಂಚೆಯಿಂದ ಒಂದು ಗೇಣು ಅಗಲ, ಐದು ಮೊಳ ಉದ್ದದ ಪಟ್ಟಿ. ಸರಿಯನ್ನು ತೆಳುವಾಗಿ ಬಳಿಯಬೇಕು. ದಪ್ಪವಾದರೆ ಮಡಿಚಿದಲ್ಲಿ ಬಿರಿಯುತ್ತದೆ. ಮೂರು ಸಲ ಬಳಿದು, ಮೂರು ಸಲ ಒಣಗಿಸಿ, ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿದ ಮೇಲೆ ಅದು ಕರಿಹಲಗೆಯಂತೆ ಮಿಂಚಿತು. ಇಷ್ಟಕ್ಕೂ ಆದ ಖರ್ಚು ಬಳಪಕ್ಕೆ ೨೦ ರೂಪಾಯಿ. ಹುಣಿಸೆಬೀಜ ತಂದವಳು ಯಾರು ಬಲ್ಲಿರಾ? ಓದು ಬಿಟ್ಟು ಹೋಗಿದ್ದ ನಮ್ಮ ಗೆಳತಿ. ಅವಳ ಮನೆಯ ಮುಂದೆ ದೊಡ್ಡದೊಂದು ಹುಣಿಸೆಮರವಿದೆ. ೪೧ ಮಂದಿ ಒಂದೊಂದು ಸಾಲು ಬರೆದೆವು. ೪೨ನೆಯ ಸಾಲು ಅವಳದು. ಬೀಳ್ಕೊಡುಗೆಯ ದಿನ ಅವಳು ನಮ್ಮೆಲ್ಲರ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಅವಳ ಉಗುರಿನ ಸಂದಿಯಲ್ಲಿ ಇದ್ದಿಲ ಕಪ್ಪು ಇನ್ನೂ ಹೋಗಿರಲಿಲ್ಲ.

“ಬಳಪದ ಬರಹ ಸಾರ್, ಒರೆಸಿದರೆ ಹೋಗಿಬಿಡುತ್ತೆ” ಎಂದು ನಮ್ಮಲ್ಲೊಬ್ಬ ಸಂಕೋಚದಿಂದ ಹೇಳಿದ. ಅಧ್ಯಾಪಕರು ಕಡತವನ್ನು ಮಡಿಕೆ ಮಡಿಕೆಯಾಗಿ ಮುಚ್ಚುತ್ತ, “ಅದಕ್ಕೇ ಜೋಪಾನ ಮಾಡಬೇಕಾಗುತ್ತದೆ” ಎಂದರು.

ಆ ಮಾತನ್ನು ನಾನು ಆಗಾಗ ನೆನೆಯುತ್ತೇನೆ. ಕೈಯಿಂದ ಮಾಡಿದ್ದಕ್ಕೆ ಅಂಗಡಿಯ ವಸ್ತುವಿನ ಗಟ್ಟಿತನವಿಲ್ಲ. ಅರಿಶಿನ ಮಾಸುತ್ತದೆ, ನಾರು ಸವೆಯುತ್ತದೆ, ಬಳಪ ಅಳಿಸುತ್ತದೆ. ಕೊಟ್ಟವರು ಒಂದಿಷ್ಟು ಹೊತ್ತನ್ನು ಅದರಲ್ಲಿ ಇಟ್ಟಿರುತ್ತಾರೆ. ಪಡೆದವರೂ ಒಂದಿಷ್ಟು ಎಚ್ಚರವನ್ನು ಇಡಬೇಕಾಗುತ್ತದೆ. ಸ್ನೇಹವೆಂದರೆ ಈ ಕೊಡುಕೊಳೆಯೇ ಅಲ್ಲವೆ? ಇದು ನಾನು ಕಂಡುಹಿಡಿದ ತತ್ತ್ವವಲ್ಲ. ನಮ್ಮ ಮನೆಗಳಲ್ಲಿ ಎಂದಿನಿಂದಲೂ ಇರುವಂಥದು. ಮದುವೆಯ ಕರೆಯೋಲೆಯನ್ನೇ ನೋಡಿ. ಅಚ್ಚುಕೂಟದಿಂದ ಚಿನ್ನದ ಅಕ್ಷರಗಳ ಐನೂರು ಪ್ರತಿಗಳು ಬಂದಿಳಿದ ಮೇಲೂ ಮನೆಯ ಹಿರಿಯಳು ಅರಿಶಿನದ ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತು, ಒಂದೊಂದರ ನಾಲ್ಕು ಮೂಲೆಗೂ ಬೆರಳು ತಾಗಿಸುತ್ತಾಳೆ. ಅಲ್ಲಿಯವರೆಗೆ ಅದು ಕಾಗದ, ಅನಂತರವೇ ಕರೆಯೋಲೆ.

ಈ ಸಂಚಿಕೆಯನ್ನು ಓದುತ್ತಿರುವ ನಿಮ್ಮ ತರಗತಿಯಲ್ಲಿಯೂ ಹುಟ್ಟುಹಬ್ಬದ ದಿನ ತಪ್ಪದೆ ತಲೆನೋವು ಬರುವವರು ಇದ್ದಾರು. ಅವರಿಗೆ ಮಾತ್ರೆ ಬೇಡ. ಎರಡು ಹಾಳೆ, 'ಹಿತ್ತಲಿನಿಂದ ಏನಾದರೂ ತಾ' ಎಂಬ ಒಂದು ಮಾತು, ಅಂಟಿಗೆ ನಾಲ್ಕು ಅಗುಳು ಅನ್ನ. ಇಷ್ಟು ಸಾಕು.